ಇಲ್ಲದ ಚುಕ್ಕಿಗಳು

ನಮ್ಮ ಮನೆಯ ಹೊಸ್ತಿಲಿಗೆ ಸೊಸೆ ಪ್ಲಾಸ್ಟಿಕ್ ರಂಗೋಲಿಯ ಸ್ಟಿಕ್ಕರ್ ಅಂಟಿಸಿದ ದಿನ ನಾನು ಮಧ್ಯಾಹ್ನದ ಊಟ ಬಿಟ್ಟೆ. ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದೆ. ಮಿದುಳಿನ ಹಿಂಭಾಗದಲ್ಲಿ ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿತ್ತು. ಕಣ್ಣು ಎರಡೂ ಚೆನ್ನಾಗಿವೆ, ಆದರೆ ನೋಟದಲ್ಲಿ ಎಡಗಡೆ ಕೆಳಗೆ ಒಂದು ತುಂಡು ಹೋಗಿದೆ ಎಂದಿದ್ದರು ಅಲ್ಲಿನ ಡಾಕ್ಟರು. ಕೈಕಾಲು, ಮಾತು ಎಲ್ಲ ಮೊದಲಿನಂತೆಯೇ ಇದ್ದವು. ಮಾತು ಸ್ವಲ್ಪ ಹೆಚ್ಚೇ ಆಗಿದೆ ಎಂದು ಮಗ ಗೊಣಗಿದ್ದೂ ಉಂಟು.

"ಬಗ್ಗಿ ಹಾಕೋದು ಯಾಕೆ ಅತ್ತೆ, ಸುಸ್ತಾಗುತ್ತೆ. ಇದಾದ್ರೆ ಒರೆಸಿದ್ರೂ ಹೋಗಲ್ಲ" ಎಂದಳು ಸೊಸೆ, ಒಳ್ಳೆಯ ಮನಸ್ಸಿನಿಂದಲೇ. ಒರೆಸಿದರೂ ಹೋಗದ್ದು ರಂಗೋಲಿಯೇ ಅಲ್ಲ ಎಂಬುದು ನನ್ನ ಮತ. ಶ್ರೀರಾಂಪುರದ ಈ ಬೀದಿಯಲ್ಲಿ ಮನೆ ಕಟ್ಟಿಸಿಕೊಂಡು ಬಂದಾಗಿನಿಂದ ನಮ್ಮ ಬಾಗಿಲ ಮುಂದಿನ ಚುಕ್ಕಿ ರಂಗೋಲಿಯನ್ನು ತುಳಿಯಲು ಹಾಲಿನವನೂ ಹಿಂಜರಿಯುತ್ತಿದ್ದ. ಅದೂ ಹೋದರೆ ಈ ಮನೆಯಲ್ಲಿ ನಾನು ಹೊತ್ತು ಹೊತ್ತಿಗೆ ಮಾತ್ರೆ ನುಂಗುವ ಹೆಂಗಸಾಗಿ ಉಳಿಯುತ್ತೇನೆ ಎಂದು ನಿಜಕ್ಕೂ ಭಯವಾಯಿತು.

ಧನುರ್ಮಾಸ ಶುರುವಾಯಿತು. ಸೊಸೆ ಏಳುವ ಮೊದಲೇ ಎದ್ದು, ಗುಡಿಸಿ, ನೀರು ಚಿಮುಕಿಸಿ, ಪುಡಿಯ ಡಬ್ಬಿ ಹಿಡಿದು ಕೂತೆ. ಅಮ್ಮ ಕಲಿಸಿದಂತೆ ನಡುವಿನಿಂದಲೇ ಚುಕ್ಕಿ ಇಡುತ್ತ ಹೋದೆ. ಎದ್ದು ನಿಂತಾಗ ರಂಗೋಲಿ ತುಂಬಿ ತುಳುಕುತ್ತಿತ್ತು. ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಅಷ್ಟರಲ್ಲಿ ಎದುರುಮನೆಯವರು ಬಂದರು. ನಾನು ಒಂದು ನವಿಲು ಬಿಡಿಸಿದರೆ ಮರುದಿನ ಅವರ ಬಾಗಿಲಲ್ಲಿ ಜೋಡಿ ನವಿಲು ನಿಲ್ಲುತ್ತಿದ್ದವು. ಅಂಥ ನೆರೆ ನಮ್ಮದು.

"ಏನ್ರೀ ಇದು, ಎಡಗಡೆ ಚುಕ್ಕಿನೇ ಇಟ್ಟಿಲ್ಲ, ಅರ್ಧಕ್ಕೇ ಎದ್ದುಬುಟ್ರಾ?"

"ಎಲ್ಲಾ ಇದೆ ಕಣ್ರೀ, ಸರಿಯಾಗಿ ನೋಡಿ. ಸ್ಟ್ರೋಕ್ ಆಗಿರೋದು ನನಗೆ, ನಿಮಗಲ್ಲ."

ಕಣ್ಣಂಚಿನಲ್ಲಿ ಚುಕ್ಕಿಗಳು ಸಾಲುಸಾಲಾಗಿ ಕಾಣುತ್ತಿದ್ದವು. ತಲೆ ತಿರುಗಿಸುವ ಅಗತ್ಯವೇ ನನಗೆ ತೋರಲಿಲ್ಲ. ಅವರು ನನ್ನನ್ನು ಕೂರಿಸಿ, ನನ್ನ ಕೈ ಹಿಡಿದು ಆ ಜಾಗದಲ್ಲಿ ಸವರಿಸಿದರು. ಬೆರಳಿಗೆ ತಣ್ಣಗೆ ನೀರು ತಾಗಿತು, ಪುಡಿ ತಾಗಲಿಲ್ಲ. ನೇರವಾಗಿ ಅಲ್ಲಿಗೇ ನೋಡಿದೆ, ಬರಿ ನೆಲ. ನೋಟವನ್ನು ಮತ್ತೆ ನಡುವಿಗೆ ತಂದೆ, ಚುಕ್ಕಿಗಳು ವಾಪಸ್ಸು ಬಂದವು. ನನಗೆ ಹುಚ್ಚು ಹಿಡಿಯಿತೇನೋ ಎಂದು ಅಲ್ಲೇ ಕೂತು ಅತ್ತುಬಿಟ್ಟೆ.

ವಿದ್ಯಾರಣ್ಯಪುರಂನಲ್ಲಿರುವ ನರರೋಗದ ಡಾಕ್ಟರು ನನ್ನ ಮಗನಿಗಿಂತ ಚಿಕ್ಕ ಹುಡುಗಿ. ಕತೆಯೆಲ್ಲ ಕೇಳಿ ಅವಳ ಮುಖ ಅರಳಿತು. ನನಗೆ ಕೋಪ ಬಂತು.

"ಹುಚ್ಚಲ್ಲಮ್ಮ. ಮಿದುಳಿನ ಹಿಂದೆ, ನೋಟಕ್ಕೆ ಅಂತಲೇ ಇರೋ ಜಾಗದಲ್ಲಿ, ಒಂದೊಂದು ನರಕೋಶಾನೂ ಎದುರಿಗಿರೋದರಲ್ಲಿ ಒಂದು ಚೂರನ್ನ ಮಾತ್ರ ನೋಡ್ಕೊಳ್ಳುತ್ತೆ. ಆದ್ರೆ ತನ್ನ ಪಾಡಿಗೆ ತಾನು ಇರಲ್ಲ. ಒಂದು ಕೋಶ ಜೋರಾದ್ರೆ, ಅದು ಹೇಳೋದನ್ನೇ ಹೇಳಕ್ಕೆ ಹೊರಟ ಪಕ್ಕದ ಕೋಶಗಳನ್ನ ಸ್ವಲ್ಪ ತಗ್ಗಿಸುತ್ತೆ. ಇನ್ನು ಕೆಲವಕ್ಕೆ ಹುರುಪು ಕೊಡುತ್ತೆ."

"ತಗ್ಗಿಸೋದು ಯಾಕೆ?"

"ಎಲ್ಲಾ ಸೇರಿ ಒಂದೇ ಮಾತು ಕೂಗಿದ್ರೆ ಗೆರೆ ಯಾವುದು, ನೆಲ ಯಾವುದು ಅಂತ ಗೊತ್ತಾಗೋದು ಹೇಗಮ್ಮ? ನಿಮ್ಮಲ್ಲಿ ಕೆಲವು ಕೋಶ ಹೋಗಿವೆ. ಸುತ್ತ ಇರೋವು ಚುಕ್ಕಿ ನೋಡ್ತಾ ಇವೆ. ಖಾಲಿ ಜಾಗದಲ್ಲೂ ಚುಕ್ಕಿನೇ ಇರಬೇಕು ಅಂತ ಅವೇ ತುಂಬಿಸ್ತವೆ."

"ಅಂದ್ರೆ ನೆರೆಯ ಕೋಶಗಳು ಸುಳ್ಳು ಹೇಳ್ತವೆ."

"ಸುಳ್ಳಲ್ಲ, ಊಹೆ. ಹೋದ ಕೋಶ ವಾಪಸ್ಸು ಬರಲ್ಲ. ಆದ್ರೆ ಕಣ್ಣು ಹೊರಳಿಸೋದು ನಿಮ್ಮ ಕೈಲಿದೆ. ನೋಡಬೇಕಾದ್ದನ್ನ ಇರೋ ಕೋಶಗಳ ಮುಂದೆ ತನ್ನಿ."

ಮನೆಗೆ ಬರುವಾಗ ನಗು ತಡೆಯಲಾಗಲಿಲ್ಲ. ನನ್ನ ಕೈಗೂ ಏನೂ ಆಗಿಲ್ಲ, ಬುದ್ಧಿಗೂ ಏನೂ ಆಗಿಲ್ಲ. ತಲೆಯೊಳಗಿನ ಅಕ್ಕಪಕ್ಕದವರ ಅತಿ ಉಪಕಾರ ಅಷ್ಟೇ. ಸಂಜೆ ಮಾಳಿಗೆ ಹತ್ತಿ ಚಾಮುಂಡಿ ಬೆಟ್ಟದ ಗೋಪುರದ ಬಲಕ್ಕೆ, ಸ್ವಲ್ಪ ಮೇಲೆ ನೋಡಿದೆ. ಗೋಪುರ ಮಾಯವಾಗಿ ಆಕಾಶ ತುಂಬಿಕೊಂಡಿತು. ನೇರ ನೋಡಿದೆ, ಬಂತು. ಸೊಸೆ ಕೆಳಗಿನಿಂದ ಕೂಗುವವರೆಗೂ ಅದೇ ಆಟ.

ಮರುದಿನ ಅಮ್ಮ ಕಲಿಸಿದ ಕ್ರಮವನ್ನೇ ತಿರುಗಿಸಿದೆ. ನಡುವನ್ನು ಬಿಟ್ಟು ಎಡ ಅಂಚಿನ ಒಂದೇ ಚುಕ್ಕಿಯಿಂದ ಆರಂಭಿಸಿ ಬಲಕ್ಕೆ ಸಾಗಿದೆ. ಇನ್ನೂ ಇಡಬೇಕಾದ ಜಾಗ ಯಾವಾಗಲೂ ನನ್ನ ಬಲಕ್ಕೇ ಇರುತ್ತಿತ್ತು, ಅಲ್ಲಿ ಯಾರ ಊಹೆಯೂ ನಡೆಯುತ್ತಿರಲಿಲ್ಲ. ಇಟ್ಟು ಮುಗಿದ ಜಾಗದ ಬಗ್ಗೆ ಕೋಶಗಳು ಏನು ಬೇಕಾದರೂ ಹೇಳಿಕೊಳ್ಳಲಿ! ಮೊದಮೊದಲು ತಾವರೆ ಹಾಕಲು ಹೋದರೆ ಎಲೆಕೋಸು ಆಗುತ್ತಿತ್ತು. ಎದುರುಮನೆಯವರು ಗೇಟಿನಲ್ಲೇ ನಿಂತು ನಗುತ್ತಿದ್ದರು. ನಾನು ಬಿಡಲಿಲ್ಲ.

ಸಂಕ್ರಾಂತಿಯ ಬೆಳಗ್ಗೆ ರಸ್ತೆಯ ಅರ್ಧಕ್ಕೆ ಬರುವಂತೆ ದೊಡ್ಡದೊಂದು ಹಾಕಿದೆ. ಎಳೆ ಎಲ್ಲೂ ತುಂಡಾಗದೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ಬರಬೇಕು. ಒಂದು ಚುಕ್ಕಿ ತಪ್ಪಿದರೂ ಎಲ್ಲ ಕೆಟ್ಟಂತೆ. ಎದುರುಮನೆಯವರು ತಮ್ಮದನ್ನು ಬೇಗ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು, ನನ್ನದರ ಸುತ್ತ ಬಗ್ಗಿ ಬಗ್ಗಿ ನೋಡುತ್ತ ಬಂದರು. ನಾನೂ ಅವರ ಹಿಂದೆಯೇ ಒಂದು ಸುತ್ತು ಬಂದೆ.

"ಒಂದೂ ಬಿಟ್ಟಿಲ್ಲ ಕಣ್ರೀ" ಎಂದರು ಕೊನೆಗೆ. ಅವರ ಕಣ್ಣು ಒದ್ದೆಯಾಗಿತ್ತು. "ಗೆದ್ದುಬುಟ್ರಿ."

"ನಿಮ್ಮದರಲ್ಲಿ ಒಂದು ಬಿಟ್ಟೋಗಿದೆ, ಬಲಗಡೆ ಮೂಲೇಲಿ" ಎಂದೆ. ಅವರು ಸೆರಗು ಸಿಕ್ಕಿಸಿಕೊಂಡು ಓಡಿದರು. ನಿಜವಾಗಿಯೂ ಬಿಟ್ಟಿತ್ತು.

ನಗುತ್ತ ತಿರುಗಿದರೆ ಸೊಸೆ ಹೊಸ್ತಿಲ ಬಳಿ ಬಿಸಿನೀರಿನ ಚೊಂಬು ಇಟ್ಟುಕೊಂಡು ಕೂತಿದ್ದಳು. ನಾನು ಹೇಳಿರಲಿಲ್ಲ. ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ ಎಬ್ಬಿಸಿ ಕಿತ್ತು, ಅಂಟನ್ನು ಉಜ್ಜಿ ತೆಗೆದು, "ಇಲ್ಲಿಗೂ ನೀವೇ ಹಾಕಿ ಅತ್ತೆ" ಎಂದಳು.

ಹೊಸ್ತಿಲ ಮೇಲೆ ಎಡತುದಿಯಿಂದ ಬೆರಳು ಸವರಿ ನೋಡಿದೆ. ಎಲ್ಲೂ ಅಂಟು ಉಳಿದಿರಲಿಲ್ಲ. ಚಿಟಿಕೆ ಪುಡಿ ತೆಗೆದುಕೊಂಡು ಮೊದಲ ಚುಕ್ಕಿ ಇಟ್ಟೆ.