ಕರೆಂಟ್ ಹೋದಾಗಿನ ವಿಜ್ಞಾನ

ಕರೆಂಟ್ ಹೋದ ಕ್ಷಣಕ್ಕೇ ಹಿಟ್ಟಿನ ಗಿರಣಿ ನಿಲ್ಲುವುದಿಲ್ಲ. ಬೆಲ್ಟು ಹಳೆಯ ಅಭ್ಯಾಸಬಲದಿಂದ ಇನ್ನೂ ಸ್ವಲ್ಪ ಹೊತ್ತು ಸುತ್ತುತ್ತದೆ, ಕಲ್ಲು ದೀರ್ಘವಾಗಿ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತದೆ. ಆದರೆ ಗಿರಣಿಗಿಂತ ನಿಧಾನವಾಗಿ ನಿಲ್ಲುವ ಇನ್ನೊಂದು ಯಂತ್ರವಿದೆ, ಅದು ಮನುಷ್ಯನ ಬಾಯಿ. ಗಿರಣಿಯ ಸದ್ದನ್ನು ಮೀರಿಸಲು ಗಂಟಲು ಹರಿದುಕೊಂಡು ಮಾತಾಡುತ್ತಿದ್ದವರು ಸದ್ದಡಗಿದ ಮೇಲೂ ಅರೆಗಳಿಗೆ ಅದೇ ಶ್ರುತಿಯಲ್ಲಿ ಮುಂದುವರಿಯುತ್ತಾರೆ. ನಮ್ಮೂರು ಕಮತಗಿಯ ಎಷ್ಟೋ ಗುಟ್ಟುಗಳು ಹೀಗೆ ನನ್ನ ಗಿರಣಿಯಲ್ಲಿ ರಟ್ಟಾಗಿವೆ. "ನಮ್ಮ ಸೊಸಿ ಭಾಳ ಶಾಣ್ಯಾಕಿ, ಆದ್ರ ಅಕಿ ಮಾಡಿದ ಬ್ಯಾಳಿ ಎಮ್ಮಿನೂ ಮೂಸೂದಿಲ್ಲ" ಎಂದು ಒಬ್ಬ ಅತ್ತೆ ಕೂಗುತ್ತಿದ್ದಾಗ, ವಾಕ್ಯದ ಉತ್ತರಾರ್ಧ ಸರಿಯಾಗಿ ನಿಶ್ಶಬ್ದದ ನಡುವೆ ಬಂದು ಬಿತ್ತು. ಸೊಸೆ ಬಾಗಿಲಲ್ಲೇ ನಿಂತಿದ್ದಳು. ನಾನು ಬಿಗಿಯಾಗಿಯೇ ಇದ್ದ ಮೋಟರಿನ ನಟ್ಟನ್ನು ಮತ್ತೊಮ್ಮೆ ಬಿಗಿ ಮಾಡಲು ಹೋದೆ.

ನಾನು ಆ ಗಿರಣಿಯ ಯಜಮಾನ, ಕೂಲಿಯವನು, ಮೆಕ್ಯಾನಿಕ್ಕು, ಕಸ ಗುಡಿಸುವವನು, ಎಲ್ಲಾ ನಾನೇ. ಊರವರು ಗಿರಣಿ ಸಂಗಣ್ಣ ಎನ್ನುತ್ತಾರೆ. ಹಣೆಯ ಮೇಲೆ ಮುಂಜಾನೆ ವಿಭೂತಿ ಹಚ್ಚಿಕೊಂಡೇ ಬರುತ್ತೇನಾದರೂ, ಹತ್ತು ಗಂಟೆಯ ಹೊತ್ತಿಗೆ ಅದರಲ್ಲಿ ಶಿವನ ಪಾಲೆಷ್ಟು, ಜೋಳದ ಪಾಲೆಷ್ಟು ಎಂದು ಹೇಳುವುದು ಕಷ್ಟ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಕೈಯಿಂದ ಗಿರಣಿ ತೆಗೆದುಕೊಂಡವನು ನಾನು. ಅದಕ್ಕಾಗಿ ನಾಚಿಕೆಯಿಲ್ಲ, ನನ್ನ ಕಲ್ಲು ನುಣ್ಣಗೆ ಬೀಸುತ್ತದೆ, ನನ್ನ ಕಣ್ಣು ಚೆನ್ನಾಗಿ ಓದುತ್ತದೆ. ಸಾಲಿ ನನ್ನನ್ನು ಬಿಟ್ಟಿತೇ ಹೊರತು ಓದುವ ಚಟ ಬಿಡಲಿಲ್ಲ. ಡಬ್ಬಿಗೆ ಸುತ್ತಿದ ಹಳೆಯ ಪೇಪರನ್ನೂ ಬಿಚ್ಚಿ, ಹರಿದ ಕಡೆ ಏನಿದ್ದಿರಬಹುದೆಂದು ಊಹಿಸಿ ಓದಿದವನು ನಾನು.

ನಮ್ಮಲ್ಲಿ ಒಂದು ಪದ್ಧತಿ ಬಿದ್ದಿದೆ. ಕರೆಂಟ್ ಹೋದರೆ ಯಾರೂ ಮನೆಗೆ ಹೋಗುವುದಿಲ್ಲ. ಸಾಲಿನಲ್ಲಿಟ್ಟ ಡಬ್ಬಿ ತನ್ನ ಪಾಳಿಯನ್ನು ತಾನೇ ಕಾಯಬಲ್ಲದು, ನಿಜ. ಆದರೆ ಹಿಂದಿನವರ ಡಬ್ಬಿ ಯಾವಾಗ ಮುಂದೆ ಜರುಗುತ್ತದೋ ಎಂಬ ಭಯ ಎಲ್ಲರಿಗೂ ಇದ್ದದ್ದೇ. ಕಾಯುವವರಿಗೆ ನಾನು ಪೇಪರ್ ಓದಿ ಹೇಳುತ್ತೇನೆ. ರಾಜಕೀಯ ಓದಿದರೆ ಡಬ್ಬಿಗಳು ಹಾರಾಡುತ್ತವೆ. ಭವಿಷ್ಯವನ್ನು ಎಲ್ಲರೂ ಮನೆಯಲ್ಲೇ ನೋಡಿಕೊಂಡು ಬಂದಿರುತ್ತಾರೆ. ಉಳಿದದ್ದು ವಿಜ್ಞಾನ. ಕಪ್ಪು ರಂಧ್ರದ ಪರವಾಗಿ ನಮ್ಮೂರಲ್ಲಿ ಯಾವ ಪಕ್ಷವೂ ಇಲ್ಲ. ಮಂಗಳಗ್ರಹದಲ್ಲಿ ಯಾರ ಬೀಗರೂ ಇಲ್ಲ. ಹೀಗಾಗಿ ಜಗತ್ತಿನ ವಿಜ್ಞಾನಿಗಳೆಲ್ಲ ಹಗಲಿರುಳು ದುಡಿದು ಕಂಡುಹಿಡಿದದ್ದು ಕೊನೆಗೆ ನನ್ನ ಗಿರಣಿಗೆ ಬಂದು ಶಾಂತಕ್ಕನ ಪರೀಕ್ಷೆಗೆ ಒಳಗಾಗುತ್ತದೆ.

ಶಾಂತಕ್ಕನೆಂದರೆ ಅಗಸಿ ಓಣಿಯ ಹಿರಿಯಳು, ಅರವತ್ತು ದಾಟಿದವಳು. ಇಳಕಲ್ಲ ಸೀರೆಯ ಸೆರಗನ್ನು ತಲೆಯ ಮೇಲೆಳೆದುಕೊಂಡು ಜೋಳದ ಚೀಲದ ಮೇಲೆ ಕೂತಳೆಂದರೆ ನ್ಯಾಯಾಧೀಶೆ ಪೀಠವನ್ನಲಂಕರಿಸಿದ ಹಾಗೆಯೇ. ಒಮ್ಮೆ ನಾನು, ನಕ್ಷತ್ರದ ಬೆಳಕು ಹೊರಟು ನಮ್ಮನ್ನು ಮುಟ್ಟಲು ಸಾವಿರಾರು ವರ್ಷ ಬೇಕಾಗುತ್ತದಂತೆ ಎಂದು ಗಂಭೀರವಾಗಿ ಓದಿದೆ. ಆಕೆ ಆರಿದ ಬಲ್ಬನ್ನು ನೋಡಿ, "ಹಂಗಾರ ನಮ್ಮೂರ ಕರೆಂಟೂ ಅಲ್ಲಿಂದನ ಹೊಂಟಿರಬೇಕು ತಮ್ಮಾ, ನಮ್ಮ ಮೊಮ್ಮಕ್ಕಳ ಕಾಲಕ್ಕ ಮುಟ್ಟತೈತಿ" ಎಂದಳು. ಚಂದ್ರನ ಮೇಲೆ ನೀರಿನ ಅಂಶವಿದೆಯೆಂದು ಓದಿದಾಗ, "ಲಗೂನ ನನ್ನ ಕೊಡ ಒಯ್ದು ಪಾಳಿಗೆ ಇಡ್ರಿ, ಆಮ್ಯಾಲ ನಾನ ಮೊದಲು ನಾನ ಮೊದಲು ಅಂತ ಜಗಳಾ ಬ್ಯಾಡ" ಎಂದಳು. ಕೈಗೆ ಕಟ್ಟಿಕೊಂಡರೆ ರಾತ್ರಿ ಹೇಗೆ ನಿದ್ದೆ ಮಾಡಿದಿರೆಂದು ಹೇಳುವ ಗಡಿಯಾರ ಬಂದಿದೆಯೆಂದಾಗ, "ಅದನ್ನ ಹೇಳಾಕ ಗಡಿಯಾರ ಯಾಕ? ನಮ್ಮ ಯಜಮಾನರ ಗೊರಕಿ ಕೇಳಿ ಮಗ್ಗಲ ಮನಿಯವರ ಹೇಳ್ತಾರ" ಎಂದಳು. ಎಲ್ಲಕ್ಕಿಂತ ನನಗೆ ನಾಟಿದ ಮಾತು ಇನ್ನೊಂದು. ಏನು ಕೇಳಿದರೂ ಉತ್ತರ ಕೊಡುವ ಯಂತ್ರ ಬಂದಿದೆಯೆಂಬ ಸುದ್ದಿಯನ್ನು ನಾನು ನನ್ನದೇ ವಿವರಣೆ, ವ್ಯಾಖ್ಯಾನ, ಉಪವ್ಯಾಖ್ಯಾನಗಳೊಡನೆ ವಿಸ್ತರಿಸುತ್ತಿದ್ದೆ. ಶಾಂತಕ್ಕ ಸಮಾಧಾನದಿಂದ ಕೇಳಿ, "ಅದು ಬರೇ ಕೇಳಿದ್ದಕ್ಕ ಉತ್ತರಾ ಕೊಡತೈತಿ. ನಮ್ಮಲ್ಲೆ ಕೇಳದಿದ್ರೂ ಕೊಡೋದು ಐತಿ" ಎಂದು ನನ್ನ ಕಡೆ ಗದ್ದ ಎತ್ತಿದಳು. ಡಬ್ಬಿಗಳು ಕೂಡ ನಕ್ಕಂತೆ ಕೇಳಿಸಿತು.

ಆಕೆಗೆ ಸರಿಜೋಡಿ ಮೌಲಾಸಾಬ. ಹುನಗುಂದದ ಕಡೆ ಮೂರು ಗಾಲಿಯ ಟಂಟಂ ಓಡಿಸುವ ನನ್ನ ಬಾಲ್ಯದ ಗೆಳೆಯ. ಚಾಲಕನಿಲ್ಲದ ಕಾರಿನ ಸುದ್ದಿ ಓದಿದ ದಿನ ಅವನ ಹೊಟ್ಟೆಗೆ ಪೆಟ್ಟು ಬೀಳುವುದೆಂದು ನಾನು ದನಿ ತಗ್ಗಿಸಿದ್ದೆ. ಅವನೇ ನಕ್ಕ. "ಓಡಲಿ ಬಿಡೋ ಸಂಗ್ಯಾ. ದಾರ್ಯಾಗ ಮುದುಕಿ ಒಬ್ಬಾಕಿ, ಯಪ್ಪಾ ಒಂದೀಟ ನಿಲ್ಲೋ, ಮನ್ಯಾಗ ಗಂಟು ಮರತ ಬಂದೀನಿ ಅಂದ್ರ ನಿಲ್ತೈತೇನು ಆ ಗಾಡಿ? ನಾ ನಿಲ್ತೇನಿ, ಬೈತೇನಿ, ಮತ್ತ ನಿಲ್ತೇನಿ."

ಇಂಥ ಮಾತುಗಳು ಗಿರಣಿಯ ಧೂಳಿನಲ್ಲೇ ಅಡಗಿ ಹೋಗಬಾರದೆಂದು, ಒಮ್ಮೆ ಮೊಬೈಲಿನಲ್ಲಿ ಬಂದ ಸುದ್ದಿಯೊಂದರ ಕೆಳಗೆ ಶಾಂತಕ್ಕನ ಮಾತನ್ನು ಅವಳ ಹೆಸರಿನಲ್ಲೇ ಬರೆದು ಹಾಕಿದೆ. ಸಂಜೆಯೊಳಗೆ ಹಳದಿ ಮುಖಗಳು ಸಾಲುಗಟ್ಟಿ ಕಣ್ಣೀರು ಸುರಿಸಿ ನಗುತ್ತಿದ್ದವು. ಹೆಮ್ಮೆಯಿಂದ ತೋರಿಸಿದೆ. ಆಕೆ ಮೊಬೈಲನ್ನು ಕಿವಿಯ ಹತ್ತಿರ ಹಿಡಿದುಕೊಂಡು ಕೇಳಿದಳು. "ಇವರು ಯಾರ ಪೈಕಿ? ಊರಿಲ್ಲ, ಹೆಸರಿಲ್ಲ, ಹಲ್ಲು ಕಿಸದಾರ ಖರೆ, ನಗೀನ ಕೇಳಸವಲ್ದು." ಆ ಮಾತನ್ನು ನಾನು ಆಗ ಬರಿಯ ತಮಾಷೆಯೆಂದುಕೊಂಡಿದ್ದೆ.

ಇಷ್ಟರಲ್ಲಿ ವಿಜ್ಞಾನ ನನ್ನ ಮೇಲೆಯೇ ಸೇಡು ತೀರಿಸಿಕೊಂಡಿತು. ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಪೇಪರ್ ಬಿಡಿಸಿದೆ. ತಂತ್ರಜ್ಞಾನದ ಪುಟದಲ್ಲಿ ಹೊಸ ಸುದ್ದಿ: ಮನೆಯ ಮೂಲೆಯಲ್ಲಿ ಇಟ್ಟುಕೊಳ್ಳಬಹುದಾದ ಪುಟ್ಟ ಹಿಟ್ಟಿನ ಗಿರಣಿ. ಕಪಾಟಿನಂಥ ರೂಪ, ಒಂದು ಗುಂಡಿ ಒತ್ತಿದರೆ ಸಾಕು, ಹೊರಗೆ ಹೋಗುವ ಗೋಜಿಲ್ಲ, ಪಾಳಿಯಿಲ್ಲ. ಪುಟ ತಿರುವಬಹುದಿತ್ತು. ಆದರೆ ಪರರ ಹೊಟ್ಟೆಯ ಮೇಲೆ ಹೊಡೆಯುವ ಸುದ್ದಿಯನ್ನು ಗಟ್ಟಿಯಾಗಿ ಓದಿದವನು ತನ್ನದನ್ನು ನುಂಗುವುದು ಹೇಗೆ? ಮೌಲಾಸಾಬ ಎದುರಿಗೇ ಕೂತಿದ್ದ. ಒಂದಕ್ಷರ ಬಿಡದೆ ಓದಿದೆ. ಎಂದಿನ ಮಾತಿಗಾಗಿ ಶಾಂತಕ್ಕನ ಕಡೆ ನೋಡಿದೆ. ಆಕೆ ಸೆರಗಿನ ಅಂಚಿನಲ್ಲಿ ಏನನ್ನೋ ಹುಡುಕುತ್ತಿದ್ದಳು. ಆಮೇಲೆ ತಿಳಿಯಿತು, ಅಂಥದೊಂದು ಯಂತ್ರವನ್ನು ಅವಳ ಮಗ ಬಾಗಲಕೋಟೆಯಿಂದ ಆಗಲೇ ತಂದು ಇಳಿಸಿದ್ದ.

ಮುಂದಿನ ವಾರದಿಂದ ಶಾಂತಕ್ಕ ಬರಲಿಲ್ಲ. ಅವಳ ಓಣಿಯ ಇನ್ನಿಬ್ಬರೂ ಬರಲಿಲ್ಲ. ಸಾಲು ಗಿಡ್ಡದಾಯಿತು. ಗಿಡ್ಡ ಸಾಲಿನಲ್ಲಿ ಪಾಳಿಯ ಜಗಳವಿಲ್ಲ, ಜಗಳವಿಲ್ಲದ ಗಿರಣಿ ದವಾಖಾನೆಯಂತೆ ಇರುತ್ತದೆ. ಅದರ ಮೇಲೆ, ನಮ್ಮ ಭಾಗಕ್ಕೆ ಹೊಸ ಲೈನು ಎಳೆದು ಕರೆಂಟ್ ಹೋಗುವುದೂ ಕಡಿಮೆಯಾಯಿತು. ಜೀವನವಿಡೀ ಕರೆಂಟಿಗೆ ಶಾಪ ಹಾಕಿದವನು ಈಗ ಉರಿಯುವ ಬಲ್ಬನ್ನು ನೋಡಿ ಹಲ್ಲು ಕಡಿದೆ. ಹೊಟ್ಟೆಪಾಡಿನ ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ, ಓದುಗರೇ, ನಿಮ್ಮಲ್ಲಿ ಮುಚ್ಚಿಡುವುದೇನು, ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯೇ ಇತ್ತು. ಮಂಗಳದ ಮಣ್ಣಿನ ಸುದ್ದಿ ಬಂದಿತು, ಮಾತಾಡುವ ಕನ್ನಡಕದ ಸುದ್ದಿ ಬಂದಿತು. ಒಬ್ಬನೇ ಓದಿದೆ. ಓದಿದ್ದು ಓದಿದ ಹಾಗೆಯೇ ಅನಿಸಲಿಲ್ಲ. ಬೀಸುವುದಕ್ಕೆ ಎರಡು ಕಲ್ಲು ಬೇಕು. ಸುದ್ದಿ ಮೇಲಿನ ಕಲ್ಲಾದರೆ ಕೇಳಿದವರ ಮಾತು ಕೆಳಗಿನದು. ನನ್ನಲ್ಲಿ ಒಂದೇ ಕಲ್ಲು ಗರಗರನೆ ಗಾಳಿಯಲ್ಲಿ ತಿರುಗುತ್ತಿತ್ತು. ಆದರೂ ಆ ಪುಟಗಳನ್ನು ಕತ್ತರಿಸದೆ, ಡಬ್ಬಿಗೆ ಸುತ್ತಿ ಕೊಡದೆ, ಮೊಳೆಗೆ ಸಿಕ್ಕಿಸಿಟ್ಟೆ.

ಇಲ್ಲಿ ನಮ್ಮ ಕಸುಬಿನ ಒಂದು ಸಣ್ಣ ವಿಚಾರ ಹೇಳಬೇಕು. ಹಿಂದಿನವರು ಕಡಲೆಯನ್ನೋ ಗೋಧಿಯನ್ನೋ ಬೀಸಿಕೊಂಡು ಹೋದ ಮೇಲೆ, ಮುಂದಿನವರ ಜೋಳದಲ್ಲಿ ಒಂದು ಹಿಡಿ ಮೊದಲು ಹಾಕಿ, ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟನ್ನು ತಳ್ಳಿಸಿ, ಅದನ್ನು ಬೇರೆ ತೆಗೆದಿಡುತ್ತೇವೆ. ಖಾರ ಕುಟ್ಟುವ ಯಂತ್ರವಂತೂ ಗೋಡೆಯ ಆಚೆಯೇ ಇರುತ್ತದೆ. ಆ ಒಂದು ಹಿಡಿ ಜೋಳಕ್ಕಾಗಿ ಶಾಂತಕ್ಕ ನನ್ನೊಡನೆ ಮಾಡಿದಷ್ಟು ಜಗಳವನ್ನು ಯಾರೂ ಆಸ್ತಿಗಾಗಿಯೂ ಮಾಡಿರಲಾರರು. "ಹಿಡಿ ಹಿಡಿ ಜೋಳಾ ತಿಂದ ನೀ ಮನಿ ಕಟ್ಟಿಸ್ತಿ ನೋಡು!" ಎನ್ನುತ್ತಿದ್ದಳು. ನಾನು ಕಾರಣ ಹೇಳುವಷ್ಟರಲ್ಲಿ ಕಲ್ಲಿನ ಸದ್ದು ನನ್ನ ವಿದ್ವತ್ತನ್ನು ನುಂಗುತ್ತಿತ್ತು.

ಬನಶಂಕರಿಯ ಪಕ್ಕದ ಚೊಳಚಗುಡ್ಡದಿಂದ ಅವಳ ಅಳಿಯ ಊಟಕ್ಕೆ ಬಂದ ಮರುದಿನ ಮುಂಜಾನೆ, ಮೌಲಾಸಾಬನ ಟಂಟಂ ನನ್ನ ಬಾಗಿಲಿಗೆ ಬಂದು ನಿಂತಿತು. ಒಳಗಿಂದ ಜೋಳದ ಡಬ್ಬಿ ಇಳಿಯಿತು, ಹಿಂದೆಯೇ ಶಾಂತಕ್ಕ. ಗಿರಣಿ ಭರ್ರನೆ ಓಡುತ್ತಿತ್ತು. ಆಕೆ ಕೈ ಬಾಯಿ ಆಡಿಸಿ ಏನೋ ಹೇಳುತ್ತಿದ್ದಳು, ಸಾಲಿನವರೆಲ್ಲ ಕಿವಿಗೆ ಕೈ ಹಚ್ಚಿ ಬಾಗಿದರೂ ಒಂದು ಮಾತೂ ತಿಳಿಯದು. ನಾನು ಎದ್ದೆ. ಮದುವೆಯ ಸೀಜನ್ನಿನಲ್ಲಿ ಜ್ವರ ಬಂದಾಗಲೂ ನಿಲ್ಲಿಸದ ಗಿರಣಿಯ ಮೋಟರಿನ ಸ್ವಿಚ್ಚನ್ನು ಹಿಡಿದು ಕೆಳಗೆಳೆದೆ. ಬೆಲ್ಟು ಸುತ್ತಿತು, ಕಲ್ಲು ನಿಟ್ಟುಸಿರುಬಿಟ್ಟಿತು, ಶಾಂತಕ್ಕನ ದನಿ ಮಾತ್ರ ಅದೇ ಶ್ರುತಿಯಲ್ಲಿ ಮುಂದುವರಿಯಿತು.

"...ಅಳ್ಯಾ ರೊಟ್ಟಿ ಮುರದ ಬಾಯಾಗ ಇಟ್ಟ, ಕಣ್ಣಾಗ ಗಂಗಾ ಹರೀತು! ಅತ್ತಿ ಮ್ಯಾಲಿನ ಮಾಯಾ ಅಂತ ನಾನೂ ಕಣ್ಣ ಒರಸಿಕೊಂಡ್ನಿ. ಎರಡನೇ ತುತ್ತಿಗೆ ತಂಬಿಗಿ ನೀರ ಒಂದ ಗುಟಕಿಗೆ ಕುಡದ. ಹಿಂದಿನ ದಿನಾ ಅದ ಮನ್ಯಾಗಿನ ಗಿರಣ್ಯಾಗ ಒಣ ಮೆಣಸಿನಕಾಯಿ ಬೀಸಿದ್ನಿ, ಅದರ ಮ್ಯಾಲ ಜೋಳಾ!"

ಮೌಲಾಸಾಬ ಹೊಟ್ಟೆ ಹಿಡಿದುಕೊಂಡು ಜೋಳದ ಚೀಲಕ್ಕೆ ಒರಗಿದ. "ಅಕ್ಕಾ, ಪಲ್ಲೆ ಮಾಡೂ ಖರ್ಚ ಉಳೀತಲ್ಲ!" ಅಷ್ಟು ದಿನ ದವಾಖಾನೆಯಂತಿದ್ದ ಗಿರಣಿ ಒಂದೇ ಏಟಿಗೆ ಗಿರಣಿಯಾಯಿತು.

ನಗೆಯೆಲ್ಲ ಇಳಿದ ಮೇಲೆ ಶಾಂತಕ್ಕ ತನ್ನ ಚೀಲದ ಮೇಲೆ ಕೂತಳು. ಮಷೀನು ಕೆಟ್ಟದ್ದಲ್ಲ, ಗೋಧಿ ಚಲೋ ಬೀಸುತ್ತದೆ, ಅದು ಇರಲಿ ಎಂದಳು. ಆಮೇಲೆ ದನಿ ತಗ್ಗಿಸಿ, "ಮೊನ್ನೆ ಮೊಬೈಲಿನ್ಯಾಗ ಬಟ್ಟಿ ಮಡಚೋ ಯಂತ್ರದ ಸುದ್ದಿ ಬಂತು ತಮ್ಮಾ. ನಾ ಒಂದ ಮಾತಂದ್ನಿ, ಭಾಳ ಚಲೋ ಮಾತು. ಸೊಸಿ ಆ ಕಡೆ ಹೊಳ್ಳಿ ಕುಂತಿದ್ಲು, ಮಷೀನ ಗರ್ ಅನ್ನಾಕತ್ತಿತ್ತು. ಯಾರೂ ನಗಲಿಲ್ಲ. ಮಾತು ಹಂಗ ಹೊಟ್ಟ್ಯಾಗ ಉಳದ ಹುಳಿ ಬಂತು" ಎಂದಳು.

"ಏನಂದಿ ಅಕ್ಕಾ?" ಎಂದೆ.

"ಈಗ ಹೇಳಿದ್ರ ಏನ ಬಂತು? ಮೊದಲ ನೀ ಸುದ್ದಿ ಓದು. ಸುದ್ದಿ ಇಲ್ಲದ ಮಾತಿಗೆ ಏನ ರುಚಿ? ನಾ ಬರದಾಗ ಏನೇನ ಬಂದಾವ, ಎಲ್ಲಾ ಓದು."

ಮೊಳೆಯಿಂದ ಪುಟಗಳನ್ನು ಬಿಚ್ಚಿದೆ. ಆಗ ಇನ್ನೊಂದು ಸಂಗತಿ ನಡೆಯಿತು. ಆಕೆ ಎದ್ದು, ಯಾರೂ ಕೇಳದೆ, ತನ್ನ ಡಬ್ಬಿಯಿಂದ ಒಂದು ಹಿಡಿ ಜೋಳ ತೆಗೆದು ಗಿರಣಿಯ ಬಾಯಿಯ ಹತ್ತಿರ ಬೇರೆಯಾಗಿ ಇಟ್ಟಳು. ಹಿಡಿ ಸ್ವಲ್ಪ ದೊಡ್ಡದೇ ಇತ್ತು. ನಾನು ಮೊದಲ ಪುಟ ಬಿಡಿಸಿ ಓದತೊಡಗಿದೆ.

ಈಗಲೂ ಕೆಲವರು ಮನೆಯಲ್ಲೇ ಬೀಸಿಕೊಳ್ಳುತ್ತಾರೆ, ಬೀಸಿಕೊಳ್ಳಲಿ. ಸಾಲು ಮೊದಲಿನಷ್ಟು ಉದ್ದವಿಲ್ಲ, ಪಾಳಿಯ ಜಗಳಕ್ಕೆ ಸಾಕಾಗುವಷ್ಟಿದೆ. ನಮ್ಮೂರಲ್ಲಿ ಕರೆಂಟ್ ಈಗ ಬಹಳ ಹೋಗುವುದಿಲ್ಲ. ಹೋದರೆ ಹನ್ನೊಂದು ಗಂಟೆಯ ಸುಮಾರಿಗೆ, ಪೇಪರ್ ಬಂದ ಮೇಲೆ, ನನ್ನ ಕೈ ಸ್ವಿಚ್ಚಿನ ಮೇಲಿದ್ದಾಗ, ನನ್ನ ಗಿರಣಿಯಲ್ಲಿ ಮಾತ್ರ ಹೋಗುತ್ತದೆ. ಬೆಲ್ಟು ನಿಧಾನವಾಗಿ ನಿಲ್ಲುತ್ತದೆ, ಯಾರದೋ ಅರ್ಧ ಗುಟ್ಟು ನಡುವೆ ಬಂದು ಬೀಳುತ್ತದೆ. ನೆತ್ತಿಯ ಮೇಲೆ ಬಲ್ಬು ಉರಿಯುತ್ತಿರುತ್ತದೆ, ಎದುರಿನ ಚಹಾದಂಗಡಿಯ ಫ್ಯಾನು ತಿರುಗುತ್ತಿರುತ್ತದೆ. ಶಾಂತಕ್ಕ ಎರಡನ್ನೂ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಚೀಲದ ಮೇಲೆ ಕೂರುತ್ತಾಳೆ.

"ಹೋತ ನೋಡ್ರಿ ಕರೆಂಟು" ಎನ್ನುತ್ತಾಳೆ. "ಓದು ತಮ್ಮಾ."