ಹೆಬ್ಬಳ್ಳಿಯ ಹೋಳಿಗೆ ಭಾಷಣ

ಒಬ್ಬ ಮನುಷ್ಯನಿಗೆ ಮಣ್ಣು ಮುಕ್ಕಿಸಬೇಕೆಂದು ಒಂದೂವರೆ ವರ್ಷ ಹಲ್ಲು ಕಡಿದೆ. ಕಡೆಗೆ ಅವನನ್ನು ಗೆಲ್ಲಿಸಿದವನು ನಾನೇ. ಲಂಚ ತಿಂದು ಗೆಲ್ಲಿಸಿದ್ದರೂ ಒಂದು ಮರ್ಯಾದೆ ಇರುತ್ತಿತ್ತು. ನಾನು ಗೆಲ್ಲಿಸಿದ್ದು ಅವನ ವಿರುದ್ಧ ಭಾಷಣ ಮಾಡಿ. ಅವನ ಕಡೆಯವರು ಬಾಡಿಗೆ ಮೋಟಾರಿನಲ್ಲಿ ಊರೂರು ತಿರುಗಿ ಮಾಡಿದ ಭಾಷಣಗಳೆಲ್ಲ ಸೇರಿದರೂ ಅವನಿಗೆ ಅಷ್ಟು ಉಪಕಾರ ಆಗಲಿಲ್ಲ.

ಅವನು ಧಾರವಾಡದ ವಕೀಲ, ಶಾಲಾ ಬೋರ್ಡಿನ ಮೆಂಬರ. ನಾನು ಹೆಬ್ಬಳ್ಳಿಯ ಕನ್ನಡ ಶಾಲೆಯಲ್ಲಿ ಹೊಸ ಮಾಸ್ತರ. ಆಗ ಯಾರು ಯಾವ ಪಕ್ಷ ಎಂದು ಕೇಳುವ ಕೆಲಸವಿರಲಿಲ್ಲ, ತಲೆ ನೋಡಿದರೆ ಸಾಕಿತ್ತು. ಜರಿ ರುಮಾಲು ಇದ್ದರೆ ಸರ್ಕಾರದ ಕಡೆ, ಬಿಳಿ ಖಾದಿ ಟೊಪ್ಪಿಗೆ ಇದ್ದರೆ ಸ್ವರಾಜ್ಯದ ಕಡೆ. ವಕೀಲನ ರುಮಾಲು ಬಾಗಿಲು ದಾಟಿ ಒಳಗೆ ಬಂದ ಮೇಲೆ ವಕೀಲ ಬರುತ್ತಿದ್ದ, ಅಷ್ಟು ದೊಡ್ಡದು. ನಾನೊಂದು ಟೊಪ್ಪಿಗೆ ಹಾಕಿಕೊಂಡು ಮಗ್ಗಿ ಹೇಳಿಸುತ್ತಿದ್ದೆ.

ಒಂದು ದಿನ ಅವನು ತನಿಖೆಗೆ ಬಂದ. ಮಕ್ಕಳ ಮುಂದೆಯೇ ಹೇಳಿದ: "ಮಾಸ್ತರ, ತಲೀ ಮ್ಯಾಲಿಂದು ತಗೀರಿ."

ಇಂಥ ಗಳಿಗೆಗಾಗಿ ನಾನು ಕನ್ನಡಿಯ ಮುಂದೆ ಎಷ್ಟು ತಯಾರಿ ಮಾಡಿದ್ದೆನೋ. 'ತಲೆ ಬೇಕಾದರೆ ತೆಗೀರಿ, ಟೊಪ್ಪಿಗೆ ತೆಗೆಯೋದಿಲ್ಲ' ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಅವನು 'ತಗೀರಿ' ಎನ್ನುವುದರೊಳಗೆ ನನ್ನ ಕೈ ಟೊಪ್ಪಿಗೆ ತೆಗೆದಾಗಿತ್ತು. ತೆಗೆದು ಸುಮ್ಮನೆ ನಿಂತಿದ್ದರೂ ಆಗುತ್ತಿತ್ತು. ಅವನು ಕೂರಲೆಂದು ಅದೇ ಟೊಪ್ಪಿಗೆಯಿಂದ ಕುರ್ಚಿಯ ಧೂಳು ಒರೆಸಿಕೊಟ್ಟೆ. ಮೂರನೆಯ ಇಯತ್ತೆಯ ನಲವತ್ತು ಮಕ್ಕಳು ಮಗ್ಗಿ ಬಿಟ್ಟು ನನ್ನನ್ನೇ ನೋಡುತ್ತಿದ್ದವು.

ಇಷ್ಟಾದ ಮೇಲೂ ಹದಿನೈದು ದಿನಕ್ಕೆ ನನ್ನನ್ನು ಕೆಲಸದಿಂದ ತೆಗೆದ ಹುಕುಂ ಬಂತು. ನನಗೆ ಸಿಟ್ಟು ಬಂದದ್ದು ಅಲ್ಲಿ. ನೌಕರಿ ತೆಗೆಯುವವನು ಮೊದಲೇ ತೆಗೆದಿದ್ದರೆ ನಾನು ಕುರ್ಚಿ ಒರೆಸುತ್ತಿರಲಿಲ್ಲ. ನನ್ನ ಹೊಟ್ಟೆ, ಮಾನ ಎರಡನ್ನೂ ಹೊಡೆದ. ಊರವರಿಗೆ ಮಾತ್ರ 'ದೇಶಕ್ಕಾಗಿ ರಾಜೀನಾಮೆ ಕೊಟ್ಟೆ' ಎಂದು ಹೇಳಿ, ನಾನು ಬಾಡಿಗೆಗಿದ್ದ ಮನೆಯ ಅವ್ವನ ಕಾಲು ಮುಟ್ಟಿ, ಟ್ರಂಕು ಹೊತ್ತುಕೊಂಡು ಹುಬ್ಬಳ್ಳಿಗೆ ಬಂದೆ.

ಹುಬ್ಬಳ್ಳಿಯಲ್ಲಿ ದುರ್ಗದಬೈಲಿನ ಒಂದು ಅರಿವೆ ಅಂಗಡಿಯಲ್ಲಿ ಖಣ, ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡುವ ಕೆಲಸ ಸಿಕ್ಕಿತು. ಹಗಲೆಲ್ಲ ಅರಿವೆ ಮಡಚುತ್ತಿದ್ದೆ, ಮನಸ್ಸಿನಲ್ಲಿ ವಕೀಲನನ್ನು ಮಡಚುತ್ತಿದ್ದೆ. ಭಾನುವಾರ ಉಣಕಲ್ ಕೆರೆಗೆ ಬಟ್ಟೆ ಒಗೆಯಲು ಹೋದರೆ ಕಲ್ಲಿನ ಮೇಲೆ ನನ್ನ ಧೋತರ ಇರುತ್ತಿರಲಿಲ್ಲ, ಅವನ ಜರಿ ರುಮಾಲು ಇರುತ್ತಿತ್ತು. ಹಾಗೆ ಬಡಿದು ಬಡಿದು ಎರಡು ಧೋತರ ಹರಿದೆ. ಹಾಗಲಕಾಯಿಗೆ ಅವನ ಹೆಸರಿಟ್ಟು ಕಚಕಚ ಕಡಿದು ತಿಂದೆ. ಕಹಿಯಾದದ್ದು ನನ್ನ ಬಾಯಿ, ಅವನಿಗೇನು.

ಅಷ್ಟರಲ್ಲಿ ಮುಂಬೈ ಅಸೆಂಬ್ಲಿಯ ಚುನಾವಣೆ ಬಂತು, ಗಾಳಿ ತಿರುಗಿತು. ನಮ್ಮ ಅಂಗಡಿಯಲ್ಲಿ ರುಮಾಲಿನ ಅರಿವೆ ಕೇಳುವವರಿಲ್ಲ. ನಿನ್ನೆಯವರೆಗೆ ಕಲೆಕ್ಟರ ಸಾಹೇಬನ ಹಿಂದೆ ಓಡಾಡಿದವರೆಲ್ಲ ಸಂದಿಯಲ್ಲಿ ನಿಂತು ಖಾದಿ ಅಳೆಸಿಕೊಳ್ಳುತ್ತಿದ್ದರು. ಒಂದು ಮುಂಜಾನೆ ನಮ್ಮ ವಕೀಲನೂ ದುರ್ಗದಬೈಲಿಗೆ ಬಂದ. ತಲೆಯ ಮೇಲೆ ಬಿಳಿ ಟೊಪ್ಪಿಗೆ. ಟೊಪ್ಪಿಗೆ ಪಕ್ಷದಿಂದ ಚುನಾವಣೆಗೆ ನಿಂತಿದ್ದನಂತೆ. ಅಂಗಡಿ ಅಂಗಡಿಗೂ ಕೈಮುಗಿಯುತ್ತ ನನ್ನ ಮುಂದೆಯೂ ಬಂದು ನಿಂತ.

"ನಿಮ್ಮಂಥಾ ತರುಣರ ಆಶೀರ್ವಾದ ಬೇಕು ನೋಡ್ರಿ."

ನನ್ನ ಗುರುತೇ ಅವನಿಗೆ ಹತ್ತಲಿಲ್ಲ. ಒಂದೂವರೆ ವರ್ಷ ದಿನಕ್ಕೆ ಮೂರು ಹೊತ್ತು ನಾನು ಅವನನ್ನು ನೆನೆದಿದ್ದೆ. ಅವನು ಒಮ್ಮೆಯೂ ನನ್ನನ್ನು ನೆನೆದಿರಲಿಲ್ಲ. ಇವನನ್ನು ಸೋಲಿಸದಿದ್ದರೆ ನಾನು ನನ್ನಪ್ಪನ ಮಗನಲ್ಲ ಎಂದುಕೊಂಡೆ.

ಲೆಕ್ಕ ಸರಳವಾಗಿತ್ತು. ಸ್ಥಾನ ಎರಡು, ನಿಂತವರು ಮೂವರು: ಟೊಪ್ಪಿಗೆಯಿಂದ ವಕೀಲ ಮತ್ತು ಜೇಲು ಕಂಡು ಬಂದ ಒಬ್ಬ ಮುದುಕ, ರುಮಾಲಿನಿಂದ ಒಬ್ಬ ಜಮೀನುದಾರ. ಕಂದಾಯ ಕಟ್ಟುವ ಪ್ರತಿಯೊಬ್ಬನಿಗೂ ಎರಡು ಮತ. ಇಬ್ಬರಿಗೆ ಒಂದೊಂದು ಹಾಕಬಹುದು, ಮನಸ್ಸಿದ್ದರೆ ಎರಡನ್ನೂ ಒಬ್ಬನಿಗೇ ಹಾಕಬಹುದು. ಟೊಪ್ಪಿಗೆಯವರು ಎರಡೂ ಮತ ಮುದುಕನಿಗೇ ಹಾಕಿದರೆ ವಕೀಲ ಮೂರನೆಯವನಾಗಿ ಮನೆಗೆ ಹೋಗುತ್ತಾನೆ. ಜಮೀನುದಾರ ಗೆಲ್ಲುತ್ತಾನೆ ನಿಜ. ಗೆಲ್ಲಲಿ, ಅವನೇನು ನನ್ನಿಂದ ಕುರ್ಚಿ ಒರೆಸಿಕೊಂಡಿದ್ದನೇ.

ನನಗೆ ಹೊಟ್ಟೆನೋವೆಂದು ಅಂಗಡಿಯ ಸಾಹುಕಾರನಿಗೆ ಹೇಳಿ ಹೆಬ್ಬಳ್ಳಿಗೆ ಹೋದೆ. ಹೋಗಿ ನೋಡಿದರೆ ಅರ್ಧ ಕೆಲಸ ಆಗಿಯೇ ಇತ್ತು. ಪ್ಲೇಗಿನ ವರ್ಷ ಊರು ಬಿಟ್ಟವರಿಗೆ ಹೊಲದಲ್ಲಿ ಗುಡಿಸಲು ಹಾಕಿಸಿಕೊಟ್ಟವನು ಅದೇ ಮುದುಕನಂತೆ. ಊರು ತಾನಾಗಿಯೇ ಎರಡೂ ಮತ ಅವನ ಕಡೆ ತಿರುಗಿಸುವ ಮನಸ್ಸಿನಲ್ಲಿತ್ತು. ಬುದ್ಧಿ ಇದ್ದವನು ಅವ್ವನ ಮನೆಯಲ್ಲಿ ರೊಟ್ಟಿ ತಿಂದು ಸುಮ್ಮನೆ ತಿರುಗಿ ಬರುತ್ತಿದ್ದ. ನಾನು ಸಂಜೆ ಗುಡಿಯ ಕಟ್ಟೆ ಹತ್ತಿ ನಿಂತೆ.

ಮೊದಲು ದೇಶದ ಮಾತು, ತ್ಯಾಗದ ಮಾತು ಆಯಿತು. ವಕೀಲನ ಮೇಲೆ ನನಗೆ ವೈಯಕ್ತಿಕ ದ್ವೇಷವೇ ಇಲ್ಲ ಎಂದು ಎದೆ ಮುಟ್ಟಿ ಹೇಳಿದೆ. ಆಮೇಲೆ ಎರಡು ಮತದ ವಿಷಯ ರೈತರಿಗೆ ತಿಳಿಯಲೆಂದು ಒಂದು ಉದಾಹರಣೆ ಕೊಟ್ಟೆ.

"ನಿಮ್ಮ ಮನ್ಯಾಗ ಊಟಕ್ಕ ಇಬ್ಬರು ಕುಂತಾರಂತ ತಿಳೀರಿ. ನಿಮ್ಮ ಕಡೆ ಎರಡು ಹೋಳಿಗಿ ಅದಾವು. ಒಂದೊಂದು ಬಡಸಬೇಕಂತ ಏನೈತಿ? ಎರಡೂ ಆ ಮುದುಕನ ಎಲಿಗೇ ಹಾಕ್ರಿ. ಇನ್ನೊಬ್ಬ ಕುಂತು ನೋಡಲಿ."

ಚಪ್ಪಾಳೆ ಬರುತ್ತದೆ ಎಂದು ನಿಂತೆ. ಬರಲಿಲ್ಲ. ಊರ ಗೌಡರು ಬಾಯಲ್ಲಿದ್ದ ತಂಬಾಕು ಉಗುಳಿ ಬಂದು ಕೇಳಿದರು.

"ಮಾಸ್ತರ, ಇಬ್ಬರೂ ಒಂದ ಪಂಕ್ತ್ಯಾಗ ಕುಂತಾರೇನ್ರಿ?"

"ಹೌದ್ರಿ ಗೌಡ್ರ, ಒಂದ ಪಂಕ್ತಿ. ಇಬ್ಬರೂ ಟೊಪ್ಪಿಗಿಯವರ."

"ಮತ್ತ ಒಬ್ಬನ ಎಲಿ ಬಿಟ್ಟು ಮುಂದ ಹೋಗಂತೀರಿ?"

"ಅವಾ ಛಲೋ ಮನಶ್ಯಾ ಅಲ್ರಿ."

"ವೈರಿ ಬಂದು ಕುಂತ್ರೂ ಪಂಕ್ತ್ಯಾಗ ಭೇದ ಮಾಡಬಾರದ್ರಿ. ನಮ್ಮಪ್ಪನ ತಿಥಿಗೆ ಹೊಲದ ತಂಟಿ ಇದ್ದ ದಾಯಾದಿ ಬಂದು ಕುಂತಿದ್ದ. ಅವಗೂ ಬಡಿಸೇನಿ. ಸಾಲಿ ಕಲಿಸಿದ ಮಾಸ್ತರಾಗಿ ಎಂಥಾ ಮಾತು ಆಡ್ತೀರಿ."

"ಇದು ಊಟ ಅಲ್ರಿ, ಓಟು."

"ಊಟ ಅಂದವರು ನೀವ."

ಹಿಂದಿನಿಂದ ಒಬ್ಬ ಹೆಣ್ಣುಮಗಳು ಅಂದಳು: "ಇವಂಗ ಯಾರೋ ಪಂಕ್ತ್ಯಾಗ ಹೋಳಿಗಿ ತಪ್ಪಿಸಿರಬೇಕು, ಅದಕ್ಕ ಹಿಂಗಾಗ್ಯಾನ."

ಎಲ್ಲರೂ ನಕ್ಕರು. ನಾನು ಹೋಳಿಗೆಯನ್ನು ಹಿಂದಕ್ಕೆ ತೆಗೆದುಕೊಂಡು ಎತ್ತಿನ ಉದಾಹರಣೆ ಕೊಟ್ಟೆ, ಬಾವಿಯ ಉದಾಹರಣೆ ಕೊಟ್ಟೆ. ಯಾರೂ ಕೇಳಲಿಲ್ಲ. ಪಂಕ್ತಿಭೇದದ ಪಾಪ ನಮಗೆ ಬೇಡವೆಂದು ಊರಿಗೆ ಊರೇ ಟೊಪ್ಪಿಗೆಯ ಇಬ್ಬರಿಗೂ ಒಂದೊಂದು ಮತ ಹಾಕಿತು. ಮಾತು ಹಬ್ಬಿ ಸುತ್ತಲಿನ ನಾಲ್ಕು ಹಳ್ಳಿಗಳೂ ಹಾಗೇ ಹಾಕಿದವು. ಮುದುಕ ಗೆದ್ದ, ವಕೀಲನೂ ಗೆದ್ದ. ಜಮೀನುದಾರನಿಗಿಂತ ವಕೀಲ ಮುಂದೆ ಹೋದದ್ದು ಹೆಬ್ಬಳ್ಳಿಯ ಒಂದು ಓಣಿಯಷ್ಟು ಮತಗಳಿಂದ.

ದುರ್ಗದಬೈಲಿನಲ್ಲಿ ಮೆರವಣಿಗೆ ಬಂತು. ನಾನು ಖಣದ ರಾಶಿಯ ಹಿಂದೆ ಬಗ್ಗಿ ಕೂತೆ. ಯಾರೋ ಅವನ ಕಿವಿಯಲ್ಲಿ ಏನೋ ಊದಿದರು. ವಕೀಲ ಅಂಗಡಿಯೊಳಗೇ ಬಂದು ನನ್ನನ್ನು ಎಬ್ಬಿಸಿ, ಕೊರಳಿನ ಒಂದು ಹಾರ ತೆಗೆದು ನನಗೆ ಹಾಕಿದ.

"ಹೆಬ್ಬಳ್ಳ್ಯಾಗ ನೀವು ಭಾರೀ ಭಾಷಣಾ ಮಾಡೀರಂತ. ನಿಮ್ಮ ಉಪಕಾರ ಮರಿಯೂದಿಲ್ಲ ನಾ."

ಆಗಲೂ ಅವನಿಗೆ ನಾನು ಯಾರೆಂದು ಗೊತ್ತಾಗಲಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದೆ. 'ದೊಡ್ಡವರು ನೀವು' ಎಂಬ ಮಾತು ಹೊರಗೆ ಬಂತು. ಅವನು ಹೋದ ಮೇಲೆ ಹಾರ ಕಿತ್ತು ಬೀದಿಯ ಆಕಳಿಗೆ ಹಾಕಿದೆ. ಅದು ಮೂಸಿ ನೋಡಿ ಬಿಟ್ಟಿತು.

ಎಂಟು ದಿನದ ಮೇಲೆ ಹೆಬ್ಬಳ್ಳಿಯ ಅವ್ವ ಮಗಳಿಗೆ ಖಣ ಕೊಳ್ಳಲು ನಮ್ಮ ಅಂಗಡಿಗೆ ಬಂದಳು. ನಾನು ಮುಖ ಗಂಟು ಹಾಕಿ ಖಣ ಹರವಿದೆ. 'ನಿಮ್ಮೂರವರು ನನ್ನ ಮಾತು ಉಳಿಸಲಿಲ್ಲ ನೋಡವ್ವಾ' ಎಂದೆ. ಅವಳು ಖಣದ ಅಂಚು ಬೆರಳಲ್ಲಿ ತಿಕ್ಕಿ ನೋಡುತ್ತ, ತಲೆ ಎತ್ತದೆ ಹೇಳಿದಳು:

"ಅವಾ ನಿನ್ನ ಟೊಪ್ಪಿಗಿ ತಗಿಸಿದ್ದು, ನೀ ಅದರಲೇ ಕುರ್ಚಿ ಒರಿಸಿದ್ದು, ಅವತ್ತ ಸಂಜೀನ ಹುಡುಗೂರು ಮನಿಗೆ ಬಂದು ಹೇಳಿದ್ವು ತಮ್ಮಾ. ಊರಿಗೆಲ್ಲಾ ಗೊತ್ತಿತ್ತು. ನೀ ಕಟ್ಟಿ ಹತ್ತಿದಾಗ ಇನ್ನೇನ ಹೇಳ್ತಾನ, ಇನ್ನೇನ ಹೇಳ್ತಾನ ಅಂತ ಕಾದ್ವಿ. ನನಗ ಅನ್ಯಾಯ ಮಾಡ್ಯಾನ, ನನ್ನ ಅನ್ನಾ ಕಸಗೊಂಡಾನ ಅಂತ ಒಂದ ಮಾತು ಅಂದಿದ್ರ, ನಿನ್ನ ಸಲುವಾಗಿ ಗೌಡನೂ ಅವನ ಕಡೆ ತಿರುಗಿ ನೋಡ್ತಿದ್ದಿಲ್ಲ. ನೀ ನೋಡಿದ್ರ ದ್ವೇಷ ಇಲ್ಲ ಅಂತ ಎದಿ ಮುಟ್ಟಿಕೊಂಡಿ. ನಿನಗ ಇಲ್ಲದ್ದು ನಮಗ್ಯಾಕ ಬೇಕು?"