ಖಾನಾಪುರದ ಎದುರಾಳಿ

ಹೋದ ವಾರ ಬೆಳಗಾವಿಯ ರವಿವಾರ ಪೇಟೆಯಿಂದ ಬರುವಾಗ ಒಂದು ಗುಜರಿ ಅಂಗಡಿಯಲ್ಲಿ ಹಳೆಯ ಡಬ್ಬಿ ಮಾನಿಟರ್ ಚಾಲೂ ಮಾಡಿ ನೋಡುತ್ತಿದ್ದರು. ಕಾದ ಧೂಳಿನ ವಾಸನೆ ಬಂತು. ನಿಂತುಬಿಟ್ಟೆ... ಅದು ಮಾಸ್ತರ ಮನೆಯ ವಾಸನೆ.

ಎರಡು ಸಾವಿರ ಇಸವಿಯ ಆಸುಪಾಸಿನ ಮಾತು. ಮಹಾಂತೇಶ ನಗರದಲ್ಲಿ ನನ್ನ ವೆಲ್ಡಿಂಗ್ ಅಂಗಡಿಯ ಎದುರಿಗೇ ಆ ರಿಟೈರ್ ಆದ ಮಾಸ್ತರ ಮನೆ. ಆರನೇ ಇಯತ್ತೆಗೆ ಸಾಲಿ ಬಿಟ್ಟವ ನಾನು. ಆದರೂ ಏನು ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ನನಗೂ ಅದರ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಖಾನಾಪುರದಲ್ಲಿ ಅವರಿಗೊಬ್ಬರು ಗೆಳೆಯರಿದ್ದರು. ಹರೆಯದಿಂದ ಇಬ್ಬರೂ ಚದುರಂಗ ಆಡಿದವರು. ಗೆಳೆಯರಿಗೆ ಮೊಣಕಾಲು ಹಿಡಿದು ರೈಲು ಹತ್ತುವುದು ನಿಂತಿತು. ಇವರಿಗೆ ಕಣ್ಣು ಮಸುಕಾಗತೊಡಗಿತು. ಇಂಟರ್ನೆಟ್ಟಿನಲ್ಲಿ ಆಡಬಹುದೆಂದು ಗೊತ್ತಾಗಿ ಮಾಸ್ತರರು ಕಂಪ್ಯೂಟರ್ ತಂದರು. ಅದಕ್ಕೆ ಎಲ್ಲರ ಹಾಗೆ ವಿಂಡೋಸ್ ಅಲ್ಲ, ಲಿನಕ್ಸ್ ಹಾಕಿತ್ತು. ಆಟವೇನೋ ತೆರೆಯಿತು, ಮಣೆ ಮಾತ್ರ ಅಂಗೈಯಷ್ಟು. ಫುಲ್ ಸ್ಕ್ರೀನ್ ಮಾಡಿ ತೆರೆದರೆ ಸುತ್ತಲೂ ಕರಿ, ನಡುವೆ ಅದೇ ಅಂಗೈ. ಮಳೆಗಾಲ ಪೂರ್ತಿ ಹೆಣಗಿದೆವು. ಅವರ ಮೂಗು ಗಾಜಿಗೆ ಹತ್ತಿರ ಹತ್ತಿರವಾಗುತ್ತ ಹೋಯಿತು...

"ಕಬ್ಬಿಣ ಬಗ್ಗಸ್ತಿ ತಮ್ಮಾ, ಇದೊಂದು ಬಗ್ಗವಲ್ದೇನ?" ಅಂತ ಮಾಸ್ತರರು ನಗುತ್ತ ಚಾಷ್ಟಿ ಬೇರೆ ಮಾಡುತ್ತಿದ್ದರು.

ಒಂದು ಮುಂಜಾನೆ ಗೆಳೆಯರು ಫೋನ್ ಮಾಡಿದರು. ಅಲ್ಲಿಯ ಸೈಬರ್ ಅಂಗಡಿಯಲ್ಲಿ ಕೇಳಿ ತಿಳಿದುಕೊಂಡಿದ್ದರು: ಕಂಟ್ರೋಲ್, ಆಲ್ಟ್ ಹಿಡಿದು ಬಲಬದಿಯ ಪ್ಲಸ್ ಒತ್ತಬೇಕಂತೆ. ಆಗ ಫೋನಿಗೂ ಇಂಟರ್ನೆಟ್ಟಿಗೂ ಒಂದೇ ತಂತಿ; ಅದನ್ನು ಫೋನಿನಿಂದ ಕಿತ್ತು ಕಂಪ್ಯೂಟರಿಗೆ ಚುಚ್ಚಿದೆ. ಅತ್ತ ಗೆಳೆಯರು ಸೈಬರ್ ಅಂಗಡಿಯಲ್ಲೇ ಆಟಕ್ಕೆ ಕೂತರು. ಇತ್ತ ಮೂರೂ ಕೀಲಿ ಒತ್ತಿದೆ. ಪರದೆ ಟಕ್ ಅಂತ ಆರಿ ಮತ್ತೆ ಹೊತ್ತಿತು. ಅಂಚಿನಿಂದ ಅಂಚಿಗೆ ಮಣೆ! ಒಂದೊಂದು ಕುದುರೆ ನನ್ನ ಹೆಬ್ಬೆರಳಿಗಿಂತ ದೊಡ್ಡದು. ಶಾಬಾಸ್ ಅನ್ನಲಿ ಅಂತ ಪಕ್ಕಕ್ಕೆ ಸರಿದು ನಿಂತೆ.

ಮಾಸ್ತರರು ಗಾಜಿಗೆ ಮುಖ ಹಚ್ಚಿ ಕೂತೇ ಇದ್ದರು. ಆಮೇಲೆ ಮೆಲ್ಲಗೆ ಕೇಳಿದರು:

"ತುಂಬೇತೇನ ತಮ್ಮಾ?"

ಅವರ ಕಣ್ಣೆದುರು ಕೈ ಅಡ್ಡ ಹಿಡಿದೆ; ರೆಪ್ಪೆ ಬಡಿಯಲಿಲ್ಲ.

"ತುಂಬೇತ್ರೀ... ಅವರು ಕಾಲಾಳು ನಡಸ್ಯಾರ. ನೀವು ಹೇಳ್ರಿ, ನಾ ನಡಸ್ತೀನಿ."

"ಬ್ಯಾಡ. ಎದುರಿಗೆ ನಾ ಕುಂತೀನಿ ಅಂತ ಅಂವ ತಿಳದಾನ. ತಂತಿ ಕೀಳು."

ಕಿತ್ತೆ. ತಂತಿ ತಿರುಗಿ ಫೋನಿಗೆ ಚುಚ್ಚುವಷ್ಟರಲ್ಲಿ ಅದು ಗಣಗಣಿಸತೊಡಗಿತು. "ಲೈನ್ ಸರಿ ಇಲ್ಲೋ ಮಾರಾಯಾ," ಅಂದರು ಮಾಸ್ತರರು ಫೋನಿನಲ್ಲಿ, ನಗುತ್ತ. ಆ ಕಂಪ್ಯೂಟರನ್ನು ಮತ್ತೆ ಹಚ್ಚಲಿಲ್ಲ.

ಇಬ್ಬರೂ ಈಗಿಲ್ಲ. ಖಾನಾಪುರದವರು ಕೊನೆತನಕ ಬೆಳಗಾವಿಯ ಲೈನನ್ನೇ ಬೈಯುತ್ತಿದ್ದರಂತೆ.

"ಪರದಿ ಪೂರಾ ತುಂಬಿ ಬರತೈತ್ರೀ, ಒಯ್ರಿ," ಅಂದ ಗುಜರಿಯವ. ನಾನು ಬೇಡವೆಂದು ಕೈಯಾಡಿಸಿ ಹೊರಟೆ. ಅಂದು ಅಷ್ಟು ಚೊಲೋ ಆದ ಕೆಲಸವನ್ನು ನೋಡಿದವ ನಾನೊಬ್ಬನೇ...